ಖಾಸಗೀ ಕೆರೆಕಟ್ಟೆಗಳ ಏರಿಯ ಸಂರಕ್ಷಣೆ

ಸ್ವಂತ ಹಿಡುವಳಿಯಲ್ಲಿ ಮಣ್ಣಿನ ಏರಿ ಹಾಕಿಸಿ ನೀರು ನಿಲ್ಲಿಸಿಕೊಂಡಿರುವ ಭೂಮಾಲಿಕರಲ್ಲಿ ಅನೇಕರು, ಕಟ್ಟೆ ತಮ್ಮದಾದುದರಿಂದ ಅದರ ದುರಸ್ತಿಯೂ ತಮ್ಮ ಇಷ್ಟಕ್ಕೆ ಸೇರಿದ್ದೆಂದು ಹೇಳುವುದುಂಟು. ನೀರು ಏರಿಯೊಳಗೆ ನಿಂತಿರುವ ತನಕ ಮಾತ್ರ ಈ ಮಾತು ಸಲ್ಲುವುದು. ಏರಿಯೊಡೆದ ಮೇಲೆ ಅದು ಯಾರ ಪಹಣಿಯನ್ನೂ ನೋಡಿ ಹರಿಯುವುದಿಲ್ಲ.

ರಾಮಮೂರ್ತಿನಗರದ ಸುತ್ತಣ ಗ್ರಾಮಗಳವರಿಗೆ ಈ ವಿಷಯವು ವಿಶೇಷವಾಗಿ ವಿಚಾರಾರ್ಹವಾದುದು. ಹೆಬ್ಬಾಳದ ಕಡೆಯ ನೀರು ಕಲ್ಕೆರೆ ರಾಂಪುರಗಳ ಕೆರೆಗಳನ್ನು ಹಾದು, ಎಲೆಯ ವ್ಯಾಪಾರದಲ್ಲಿ ಗಳಿಸಿದ ಮಹನೀಯರೊಬ್ಬರ ದ್ರವ್ಯಸಹಾಯದಿಂದಾದ ಎಲೆ ಮಲ್ಲಪ್ಪಶೆಟ್ಟರ ಕೆರೆಯನ್ನು ಸೇರುತ್ತದೆ. ಇಂಥ ಸಾಲಿನಲ್ಲಿ ಮೇಲಿನ ಒಂದು ಕಟ್ಟೆ ಒಡೆದರೆ ಅದರ ಭಾರವೆಲ್ಲವೂ ಕೆಳಗಿನ ಏರಿಯ ಮೇಲೆ ಬೀಳುವುದು. ಹಿಂದೆ ಏರಿಯ ಕೆಳಗೆ ಗದ್ದೆಯಿತ್ತು. ಒಂದು ಬೆಳೆ ಹೋದರೆ ಮರುವರ್ಷ ನಾಟಿ ಮಾಡಬಹುದಾಗಿತ್ತು. ಈಗ ಅಲ್ಲಿ ಮನೆಗಳಿವೆ. ೨೦೧೯ನೆಯ ನವೆಂಬರಿನಲ್ಲಿ ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದಾಗ ನೂರಾರು ಮನೆಗಳಿಗೆ ನೀರು ನುಗ್ಗಿತು.

ಮಣ್ಣಿನ ಏರಿಗೆ ಮೊದಲನೆಯ ಶತ್ರುವು ಅದರ ನೆತ್ತಿಯ ಮೇಲೆ ಹರಿಯುವ ನೀರು. ಆದಾಗ್ಯೂ ಇನ್ನೊಂದು ಅಡಿ ನೀರು ದಕ್ಕೀತೆಂಬ ಆಶೆಯಿಂದ ಕೋಡಿಗೆ ಮರಳಿನ ಚೀಲಗಳನ್ನು ಅಡ್ಡವಿಡುವವರನ್ನು ಪ್ರತಿವರ್ಷವೂ ಕಾಣುತ್ತೇವೆ. ಇದು ಮಿತವ್ಯಯವಲ್ಲ, ಜೂಜು. ಜಡಿಮಳೆಯ ರಾತ್ರಿಯಲ್ಲಿ ಆ ಚೀಲಗಳನ್ನು ಕಿತ್ತೆಸೆಯಲು ಯಾರು ಹೋಗುತ್ತಾರೆ? ಕೋಡಿಯಲ್ಲಿ ಅತಿ ಹೆಚ್ಚಿನ ಪ್ರವಾಹ ಹರಿಯುವಾಗಲೂ ಏರಿಯ ನೆತ್ತಿಯು ನೀರಿಗಿಂತ ಮೂರು ಅಡಿಯಾದರೂ ಮೇಲಿರಬೇಕು. ನೆತ್ತಿಯು ತಗ್ಗಿದ ಕಡೆ ಮಳೆಗಾಲಕ್ಕೆ ಮುಂಚೆಯೇ ಮಣ್ಣು ಹಾಕಿಸಿ ದಮ್ಮಸ್ಸು ಮಾಡಿಸತಕ್ಕದ್ದು.

ಎರಡನೆಯದು ಜಿನುಗು. ಏರಿಯ ಹಿಂಬದಿಯ ಬುಡದಲ್ಲಿ ತಿಳಿನೀರು ಅಲ್ಪವಾಗಿ ಒಸರಿದರೆ ಗಾಬರಿಪಡಬೇಕಾಗಿಲ್ಲ, ಆದರೆ ಗುರುತುಗೂಟ ನೆಟ್ಟು ದಿನವೂ ನೋಡುತ್ತಿರಬೇಕು. ಒಸರು ಹೆಚ್ಚಿದರೆ, ಇಲ್ಲವೆ ನೀರು ಕದಡಿ ಬಂದರೆ, ಏರಿಯ ಒಡಲಿನ ಮಣ್ಣೇ ಕೊಚ್ಚಿಹೋಗುತ್ತಿದೆಯೆಂದು ತಿಳಿಯತಕ್ಕದ್ದು. ಆಗ ಹೊರಬಾಯಿಗೆ ಜೇಡಿಮಣ್ಣು ಮೆತ್ತುವುದು ನಮ್ಮವರ ರೂಢಿ. ಇದು ಕೇವಲ ತಪ್ಪು. ಒಳಗೆ ಒತ್ತಡವೇರಿ ನೀರು ಬೇರೆಡೆ ದಾರಿ ಮಾಡಿಕೊಳ್ಳುವುದು. ಒಸರುವ ಸ್ಥಳದ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿದರೆ ನೀರು ಹೊರಬಂದು ಮಣ್ಣು ಒಳಗೇ ನಿಲ್ಲುವುದು. ಜೊತೆಯಲ್ಲಿಯೇ ತೂಬೆತ್ತಿ ನೀರಿನ ಮಟ್ಟವನ್ನು ಮೆಲ್ಲಮೆಲ್ಲನೆ ಇಳಿಸಿ, ಕೆಳಗಿನವರಿಗೆ ಎಚ್ಚರಿಕೆ ಕೊಡಿಸಬೇಕು. ತೂಬಿನ ಪಕ್ಕದಲ್ಲಿ ಒಸರಿದರಂತೂ ತಡಮಾಡದೆ ಇಂಜಿನಿಯರರನ್ನು ಕರೆಸಬೇಕು.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಕಟ್ಟೆಯು ೨೦೧೯ನೆಯ ಜುಲೈಯಲ್ಲಿ ಒಡೆದು ಅನೇಕರು ಮಡಿದಾಗ, ಏಡಿಗಳೇ ಕಾರಣವೆಂದು ಅಲ್ಲಿನ ಸಚಿವರೊಬ್ಬರು ನುಡಿದು ನಗೆಗೀಡಾದರು. ಏಡಿ, ಹೆಗ್ಗಣಗಳು ಏರಿಯನ್ನು ಕೊರೆಯುವುದು ಸುಳ್ಳಲ್ಲ. ಆದರೆ ಸೋರಿಕೆಯನ್ನು ಗ್ರಾಮಸ್ಥರು ಮೊದಲೇ ತಿಳಿಸಿದ್ದರು. ಬಿಲಗಳನ್ನು ಅಗೆಸಿ ಮಣ್ಣು ತುಂಬಿಸಬೇಕು. ಏರಿಯ ಮೇಲೆ ಗರಿಕೆ ಇರಲಿ. ಜಾಲಿ, ಹೊಂಗೆಗಳನ್ನು ಸಸಿಯಲ್ಲಿಯೇ ಕೀಳಿಸತಕ್ಕದ್ದು, ಏಕೆಂದರೆ ದೊಡ್ಡ ಮರ ಸತ್ತು ಬೇರು ಕೊಳೆತರೆ ಅದೇ ನೀರಿಗೆ ಕೊಳವೆಯಾಗುವುದು.

೨೦೨೧ನೆಯ ಅಣೆಕಟ್ಟು ಸುರಕ್ಷತಾ ಕಾಯಿದೆಯು ೧೫ ಮೀಟರಿಗಿಂತ ಎತ್ತರವಾದವುಗಳಿಗೂ, ಕೆಲವು ನಿಬಂಧನೆಗಳಿಗೊಳಪಟ್ಟು ೧೦ರಿಂದ ೧೫ ಮೀಟರಿನವುಗಳಿಗೂ ಅನ್ವಯಿಸುತ್ತದೆ. ನಮ್ಮ ಕಟ್ಟೆಗಳು ಬಹುಮಟ್ಟಿಗೆ ಅದರ ಹೊರಗುಳಿಯುವುವು. ಹಾಗೆಂದು ಮಾಲಿಕನು ನಿಶ್ಚಿಂತನಾಗಿರಲಾಗದು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲ್ವೆಗೆ ನಷ್ಟವಾದಾಗ, ಮದರಾಸು ರೈಲ್ವೆ ಕಂಪೆನಿಯು ಹೂಡಿದ ದಾವೆಯಲ್ಲಿ ಪ್ರಿವಿ ಕೌನ್ಸಿಲು ೧೮೭೪ರಲ್ಲಿ ಜಮೀನ್ದಾರರ ಪರವಾಗಿ ತೀರ್ಪಿತ್ತಿತು. ಕೆರೆ ಕಾಯುವುದು ಅವರ ಕರ್ತವ್ಯವಾಗಿತ್ತೆಂಬುದೂ, ಅದರಲ್ಲಿ ಅಲಕ್ಷ್ಯ ಕಂಡುಬರಲಿಲ್ಲವೆಂಬುದೂ ಅದರ ಆಧಾರ. ಅಲಕ್ಷ್ಯ ರುಜುವಾತಾಗಿದ್ದರೆ ಗತಿಯೇನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು. ಆದುದರಿಂದ ಏರಿಯನ್ನು ನೋಡಿದ ದಿನ, ಕಂಡ ದೋಷ, ಮಾಡಿಸಿದ ಕೆಲಸ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಲೇಸು.

ಖರ್ಚಿನ ವಿಷಯದಲ್ಲಿ ನನ್ನ ಅಭಿಪ್ರಾಯವಿಷ್ಟು: ಪೂರ್ವಕಾಲದಲ್ಲಿ ಕೆರೆಯನ್ನು ಕಟ್ಟಿಸಿದವರಿಗೂ ಕಾಪಾಡಿದವರಿಗೂ ಕಟ್ಟುಕೊಡಗಿಯೆಂದು ಭೂಮಿ ದೊರೆಯುತ್ತಿತ್ತು. ಅದು ನಿಂತುಹೋಗಿರುವ ಈಗ ಮಾಲಿಕನೊಬ್ಬನ ಮೇಲೆಯೇ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ನೀರುಣ್ಣುವ ಅಚ್ಚುಕಟ್ಟುದಾರರು ಎಕರೆಯ ಲೆಕ್ಕದಲ್ಲಿ ವಂತಿಗೆ ಕೊಡಲಿ. ಏರಿಯ ಕೆಳಗೆ ನಿವೇಶನ ಮಾರಿ ಲಾಭ ಪಡೆದವರೂ ಕೊಡಲಿ. ಈ ಏರ್ಪಾಡನ್ನು ಗ್ರಾಮದ ಮುಖಂಡರು ಬೇಸಗೆಯಲ್ಲಿಯೇ, ಕೆರೆಯಂಗಳ ಒಣಗಿ ತೂಬಿನ ಬಾಯಿ ಕಣ್ಣಿಗೆ ಕಾಣುವಾಗ, ಸಭೆ ಸೇರಿಸಿ ಮಾಡಿಕೊಳ್ಳುವುದು ಉತ್ತಮ.