ಮನೆಮಂದಿಗೊಂದು ಮಾತು: ನೀರೇ ಮೊದಲ ಮದ್ದು



ರತ್ನಗಿರಿಯ ಕಡೆಯ ಸೋದರಿಯೊಬ್ಬರಿಂದ ನಮಗೊಂದು ಪತ್ರ ಬಂದಿದೆ. ಕಳೆದ ಬೇಸಿಗೆಯಲ್ಲಿ ಅವರ ಒಂದೂವರೆ ವರ್ಷದ ಮಗುವಿಗೆ ವಾಂತಿಬೇಧಿ ಹತ್ತಿತಂತೆ. ತಾಯಿ ನೀರು ಕುಡಿಸಲು ಹೋದರೆ ಅತ್ತೆಯವರು ಲೋಟವನ್ನು ತೆಗೆದಿರಿಸಿ, “ಒಳಗೆ ಹಾಕಿದಷ್ಟೂ ಹೊರಗೆ ಹೋಗುತ್ತದಮ್ಮ, ಹೊಟ್ಟೆಗೆ ಕೊಂಚ ಬಿಡುವು ಕೊಡು” ಎಂದರಂತೆ. ಸಂಜೆಯ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದವು. ಅತ್ತರೆ ಕಣ್ಣೀರು ಬಾರದಾಯಿತು. ಕೂಡಲೇ ವೈದ್ಯರ ಬಳಿಗೆ ಒಯ್ದರು. ಪೊಟ್ಟಣದ ಪುಡಿಯನ್ನು ನೀರಿನಲ್ಲಿ ಕದಡಿ ಚಮಚ ಚಮಚವಾಗಿ ಕುಡಿಸಿದ ಮೇಲೆ ಮಗು ಚೇತರಿಸಿಕೊಂಡಿತು.

ಮನೆಯಲ್ಲಿ ಸಂತೋಷವಿರಬೇಕಾಗಿತ್ತು. ಆದರೆ ಅಂದಿನಿಂದ ಅತ್ತೆಯವರು ಮಂಕಾಗಿದ್ದಾರೆ. ಬಹಳ ಹಿಂದೆ ಅವರ ಚೊಚ್ಚಲ ಕೂಸು ಇದೇ ಬೇನೆಯಿಂದ ತೀರಿಕೊಂಡಿತ್ತು. ಆಗಲೂ ಹಿರಿಯರ ಮಾತಿನಂತೆ ನೀರು ಕೊಟ್ಟಿರಲಿಲ್ಲ. “ನನ್ನ ಕೂಸನ್ನು ನಾನೇ ಕೊಂದೆನೇ?” ಎಂದು ಅವರು ಕೇಳುತ್ತಾರೆ, ಏನೆಂದು ಉತ್ತರ ಹೇಳಲಿ ಎಂಬುದು ಸೋದರಿಯ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಇಲ್ಲ, ತಾಯಿ, ತಪ್ಪು ನಿಮ್ಮದಲ್ಲ. ಲಂಘನವೇ ಪರಮೌಷಧವೆಂದು ನಂಬಿದವರು ನಮ್ಮ ಹಳ್ಳಿಗಳ ಅಜ್ಜಿಯರು ಮಾತ್ರವೇ ಅಲ್ಲ. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ವಿದ್ಯಾವಂತ ವೈದ್ಯರೂ ಬೇಧಿಯ ರೋಗಿಯ ಕರುಳಿಗೆ ವಿಶ್ರಾಂತಿ ಬೇಕೆಂದು ಬಹುಕಾಲ ಬಾಯಿಂದ ಏನನ್ನೂ ಕೊಡದೆ ಇರಿಸುತ್ತಿದ್ದರು. ಪಂಡಿತರಿಗೇ ತಿಳಿಯದಿದ್ದುದನ್ನು ಗುಡ್ಡದ ಬುಡದ ಮನೆಯ ತಾಯಿ ತಿಳಿದಿರಬೇಕಿತ್ತೆಂದು ಹೇಳುವುದು ನ್ಯಾಯವಲ್ಲ.

ಈ ತಿಳಿವಳಿಕೆ ಬದಲಾದ ಬಗೆ ಕೇಳುವಂತಹದು. 1953ರಲ್ಲಿ, ಅಂದರೆ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ವರ್ಷದಲ್ಲಿಯೇ, ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿಯವರು ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸು ಬೆರೆಸಿದ ನೀರನ್ನು ಬಾಯಿಂದಲೇ ಕೊಟ್ಟು, ಅದರ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಅದನ್ನು ಹೆಚ್ಚಾಗಿ ಯಾರೂ ಲಕ್ಷಿಸಲಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಕರುಳಿನ ಒಂದು ಗುಟ್ಟನ್ನು ವಿವರಿಸಿದರು: ಸಕ್ಕರೆ ಮತ್ತು ಉಪ್ಪು ಜೊತೆಜೊತೆಯಾಗಿ ಕರುಳಿನ ಗೋಡೆಯನ್ನು ದಾಟುತ್ತವೆ. ಅವು ಒಳಹೊಕ್ಕರೆ ನೀರೂ ಅವುಗಳ ಬೆನ್ನು ಹಿಡಿದು ಒಳಕ್ಕೆ ಬರುತ್ತದೆ. ಕಾಲರಾದ ವಿಷ ಕರುಳಿನಿಂದ ನೀರನ್ನು ಹೊರಕ್ಕೆ ಸುರಿಸುತ್ತಿರುವಾಗಲೂ ಈ ಒಂದು ಬಾಗಿಲು ಮುಚ್ಚಿರುವುದಿಲ್ಲ. ಬರಿಯ ನೀರು ಅಷ್ಟಾಗಿ ನಿಲ್ಲದು. ಉಪ್ಪು-ಸಕ್ಕರೆಯ ಹದವಾದ ನೀರು ನಿಲ್ಲುತ್ತದೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ಕಾಲರಾ ರೋಗಿಗಳಲ್ಲಿ ಪ್ರಯೋಗಿಸಿ ತೋರಿಸಿದರು.

ಆದರೂ ಆಸ್ಪತ್ರೆಯ ಹೊರಗೆ, ಅಕ್ಷರವರಿಯದ ಜನರ ಕೈಯಲ್ಲಿ ಇದು ನಡೆಯುವುದೇ ಎಂಬ ಶಂಕೆ ಉಳಿದಿತ್ತು. ಅದನ್ನು ನೀಗಿದವರು ಡಾ. ದಿಲೀಪ್ ಮಹಲನಾಬಿಸ್. 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿಯ ಊರಾದ ಬನಗಾಂವಿನಲ್ಲಿ ಕಾಲರಾ ಹಬ್ಬಿತು. ರೋಗಿಗಳು ಆಸ್ಪತ್ರೆಯ ನೆಲದ ಮೇಲೆಯೇ ಬಿದ್ದಿದ್ದರು. ರಕ್ತನಾಳಕ್ಕೆ ಏರಿಸುವ ಸಲೈನು ಸಾಲದಾಯಿತು. ಏರಿಸಬಲ್ಲ ಜನರೂ ಸಾಲದಾದರು. ಮಹಲನಾಬಿಸರು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡದ ಲೆಕ್ಕದಲ್ಲಿ ಪುಡಿಯನ್ನು ಪೊಟ್ಟಣ ಕಟ್ಟಿಸಿ, ನಲ್ಲಿಯಿದ್ದ ಪೀಪಾಯಿಗಳಲ್ಲಿ ಕದಡಿಸಿಟ್ಟರು. ಕುಡಿಸುವ ಕೆಲಸವನ್ನು ರೋಗಿಯ ತಾಯಿ, ಅಕ್ಕ, ಅಣ್ಣಂದಿರಿಗೇ ಒಪ್ಪಿಸಿದರು. ಸೂಜಿಯಿಲ್ಲದ ಔಷಧಿಯನ್ನು ಜನ ನಂಬಲಾರರೆಂದು ಅದನ್ನು ‘ಬಾಯಿಯಿಂದ ಕೊಡುವ ಸಲೈನು’ ಎಂದೇ ಕರೆದರಂತೆ.

ಫಲವೇನಾಯಿತು? ಶೇಕಡ 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡ 3.6ಕ್ಕೆ ಇಳಿಯಿತು. 1973ರಲ್ಲಿ ಅವರು ಈ ವಿವರವನ್ನು ‘ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಇಂತಹ ಮಿಶ್ರಣವನ್ನು ಅಂಗೀಕರಿಸಿ ಜಗತ್ತಿಗೆಲ್ಲ ಸಾರಿತು. ಮಹಲನಾಬಿಸರು 2022ರಲ್ಲಿ ನಿಧನರಾದರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಆದರೆ ಆ ಪ್ರಬಂಧದ ನಿಜವಾದ ತಿರುಳು ಪ್ರಶಸ್ತಿಯಲ್ಲಿಲ್ಲ. ತುರ್ತು ಚಿಕಿತ್ಸೆ ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ, ಮನೆಯ ಪಡಸಾಲೆಯಲ್ಲಿಯೇ ಮೊದಲಾಗಬಹುದೆಂಬುದು ಅದರ ತಿರುಳು.

ನಮ್ಮ ಕಡೆಯವರು ಅನೇಕರು ದೊಡ್ಡ ಕಾಯಿಲೆಗೆ ವೆಲ್ಲೂರಿಗೆ ಹೋಗಿಬರುವುದುಂಟು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಡಾ. ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಸಂಶೋಧನೆಯೂ ಈ ದಾರಿಯದೇ. ಸಣ್ಣ ಕರುಳಿನಲ್ಲಿ ಜೀರ್ಣವಾಗದ ಒಂದು ಬಗೆಯ ಮೆಕ್ಕೆಜೋಳದ ಪಿಷ್ಟವನ್ನು ಲೀಟರಿಗೆ 50 ಗ್ರಾಂನಂತೆ ಬೆರೆಸಿ ಕಾಲರಾ ರೋಗಿಗಳಿಗೆ ಕೊಟ್ಟಾಗ ಬೇಧಿ ಬೇಗ ನಿಂತಿತು. ಆ ಪಿಷ್ಟ ದೊಡ್ಡ ಕರುಳನ್ನು ಸೇರಿ ಹುಳಿತು, ಅಲ್ಲಿಯೂ ಉಪ್ಪು-ನೀರನ್ನು ಹೀರಿಕೊಳ್ಳಲು ನೆರವಾಗುತ್ತದೆ. ಬೇಧಿಯ ಕರುಳು ಕೆಲಸಬಿಟ್ಟ ಕರುಳಲ್ಲವೆಂಬುದಕ್ಕೆ ಇದು ಇನ್ನೊಂದು ಸಾಕ್ಷಿ.

ಇನ್ನು ನಾವು ಮಾಡಬೇಕಾದುದೇನು? ಓಆರ್‌ಎಸ್ ಪೊಟ್ಟಣ ಮನೆಯಲ್ಲಿ ಸದಾ ಇರಲಿ. ಎಷ್ಟು ನೀರಿಗೆ ಎಂಬುದನ್ನು ಮೊದಲು ಕೇಳಿ ತಿಳಿಯಿರಿ. ದೊಡ್ಡ ಪೊಟ್ಟಣ ಒಂದು ಲೀಟರಿನದು, ಚಿಕ್ಕವೂ ಇವೆ. ಪೊಟ್ಟಣದ ಬರಹ ನಮ್ಮ ಲಿಪಿಯಲ್ಲಿ ಇಲ್ಲವೆಂದು ಅಂದಾಜಿನಲ್ಲಿ ಕದಡಬೇಡಿ. ಪೂರ್ತಿ ಪುಡಿಯನ್ನು ಅಳತೆಯ ನೀರಿಗೆ ಒಂದೇ ಸಲ ಹಾಕಬೇಕು. ಕುದಿಸಿ ಆರಿಸಿದ ನೀರಾದರೆ ಉತ್ತಮ. ಕದಡಿದ್ದನ್ನು 24 ಗಂಟೆಗಳ ಮೇಲೆ ಇಡಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ನೀರಿಗೆ ಚಹಾ ಚಮಚದಲ್ಲಿ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅಳತೆ ತಪ್ಪಬಾರದು. ಅಂಗಡಿಯ ಸಿಹಿ ಪಾನೀಯಗಳು ಇದಕ್ಕೆ ಬದಲಾಗಲಾರವು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಬೇಧಿಯ ನಂತರ 50ರಿಂದ 100 ಮಿಲಿ ಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ನಿಧಾನವಾಗಿ ಚಮಚದಲ್ಲಿ ಕೊಡಿ. ಎದೆಹಾಲು ನಿಲ್ಲಿಸಕೂಡದು. ಊಟ ಮಾಡುವ ಮಕ್ಕಳಿಗೆ ಗಂಜಿ, ಮಜ್ಜಿಗೆ, ಮೆತ್ತನೆಯ ಅನ್ನ ಇರಲಿ. ವೈದ್ಯರು ಸತುವಿನ ಮಾತ್ರೆ ಬರೆದರೆ ಬೇಧಿ ನಿಂತರೂ ಹೇಳಿದಷ್ಟು ದಿನ ಮುಗಿಸಿ. ಬೇಧಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ಸ್ವಂತ ಬುದ್ಧಿಯಿಂದ ಕೊಡಬೇಡಿ. ರೋಟಾ ವೈರಸ್ಸಿನ ಬೇಧಿಯನ್ನು ತಡೆಯುವ ಹನಿಯ ಲಸಿಕೆಯನ್ನು 2016ರಲ್ಲಿ ಸರಕಾರವು ಮೊದಲು ಕೊಡತೊಡಗಿದ ನಾಲ್ಕು ರಾಜ್ಯಗಳಲ್ಲಿ ಆಂಧ್ರಪ್ರದೇಶವೂ ಒಂದು. ಎಳೆಯ ಕೂಸುಗಳಿಗೆ ಅದನ್ನು ತಪ್ಪದೆ ಹಾಕಿಸಿರಿ.

ಆದರೆ ಲೋಟವೊಂದೇ ಸಾಲದ ಹೊತ್ತೂ ಉಂಟು. ಮಗು ಮಂಕಾಗಿ ಎಚ್ಚರಗೊಳ್ಳದಿದ್ದರೆ, ಕುಡಿಯಲಾರದೆ ಹೋದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಇಳಿದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಂತಹ ಮಗುವಿಗೆ ರಕ್ತನಾಳದ ಸಲೈನು ಬೇಕಾಗಬಹುದು. ನುಂಗಬಲ್ಲ ಮಗುವಾದರೆ ದಾರಿಯುದ್ದಕ್ಕೂ ಚಮಚ ನಿಲ್ಲದಿರಲಿ. 108ರ ಸೇವೆ ಆಂಧ್ರದಲ್ಲಿ 2005ರಲ್ಲಿಯೂ ಕರ್ನಾಟಕದಲ್ಲಿ 2008ರಲ್ಲಿಯೂ ಆರಂಭವಾಯಿತು. ಗಡಿಯಲ್ಲಿರುವ ನಾವು ಕರೆ ಮಾಡಿದಾಗ ಊರು, ಮಂಡಲ, ರಾಜ್ಯ ಮೂರನ್ನೂ ಸ್ಪಷ್ಟವಾಗಿ ಹೇಳಬೇಕು. ಜಿಲ್ಲೆಯ ಗೆರೆಗಳು ಬದಲಾಗುತ್ತಲೇ ಇರುತ್ತವೆ: 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಮಗುವಿನ ದೇಹದ ನೀರು ಈ ಯಾವ ಗೆರೆಯನ್ನೂ ಕಾಯುವುದಿಲ್ಲ. ಹತ್ತಿರದ ಆಸ್ಪತ್ರೆ ಯಾವ ರಾಜ್ಯದ್ದಾದರೂ ಅದೇ ನಮ್ಮದು.

ಸೋದರಿ, ಈ ಪುಟವನ್ನು ನಿಮ್ಮ ಅತ್ತೆಯವರ ಬಳಿ ಕುಳಿತು ಓದಿ ಹೇಳಿರಿ. ಅವರು ಲೋಟವನ್ನು ತೆಗೆದಿರಿಸಿದ್ದು ಮೊಮ್ಮಗುವಿನ ಮೇಲಿನ ಮಮತೆಯಿಂದಲೇ. ಆ ಮಮತೆಗೆ ಈಗ ಸರಿಯಾದ ಅಳತೆಯೊಂದು ದೊರೆತಿದೆ. ಇನ್ನು ಮುಂದೆ ನೀರು ಕದಡುವ ಕೆಲಸವನ್ನು ಅವರಿಗೇ ಒಪ್ಪಿಸಿರಿ. ನೆರೆಮನೆಯ ಮಗುವಿಗೆ ಬೇಧಿಯಾದಾಗ ಮೊದಲು ಅವರನ್ನೇ ಕಳುಹಿಸಿರಿ. ನೊಂದ ಹಿರಿಯರು ಹೇಳಿದ ಮಾತು, ವೈದ್ಯರ ಮಾತಿಗಿಂತಲೂ ಬೇಗ ಊರಿನಲ್ಲಿ ನಾಟುತ್ತದೆ.