ಮನೆಮಾತು: ಸೀಸೆಯಲ್ಲಿ ಸೀಸವಿದ್ದೀತು!

ಹೋದ ಬೇಸಗೆಯಲ್ಲಿ ಊರಿನಿಂದ ಬಂದಿದ್ದ ನಮ್ಮ ಮಾವನವರು ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೆ, ಇಲ್ಲಿಯ ಅಂಗಡಿಯೊಂದರಲ್ಲಿ ಕೊಂಡ ಹಾಗಲಕಾಯಿ ಗುಳಿಗೆಯನ್ನೂ ನುಂಗತೊಡಗಿದರು. ಒಂದು ಬೆಳಿಗ್ಗೆ ಕೈ ನಡುಗಿ, ಬೆವೆತು, ಕುರ್ಚಿಯಲ್ಲೇ ಕುಸಿದರು. ರಕ್ತದಲ್ಲಿ ಸಕ್ಕರೆ ತೀರ ಇಳಿದಿತ್ತು. ಹಣ್ಣಿನ ರಸ ಕುಡಿಸಿದ ಮೇಲೆ ಚೇತರಿಸಿಕೊಂಡರು. “ಅಮೆರಿಕದಲ್ಲಿ ಮಾರುವ ಪದಾರ್ಥ. ಸರ್ಕಾರ ಪರೀಕ್ಷೆ ಮಾಡದೆ ಬಿಟ್ಟೀತೇನಮ್ಮಾ?” ಎಂದು ಕೇಳಿದರು.

ಬಿಡುತ್ತದೆ! 1994ರ ಕಾಯಿದೆಯ ಪ್ರಕಾರ ಇಂಥ ಪೂರಕಗಳು ಔಷಧಿಯಲ್ಲ, ಆಹಾರದ ಪಂಗಡಕ್ಕೆ ಸೇರಿದವು. ಔಷಧಿಗಾದರೆ ಗುಣವನ್ನೂ ನಿರಪಾಯವನ್ನೂ ಮೊದಲೇ ರುಜುವಾತು ಮಾಡಿ ಎಫ್.ಡಿ.ಎ. ಒಪ್ಪಿಗೆ ಪಡೆಯಬೇಕು. ಪೂರಕಕ್ಕೆ ಅದು ಬೇಡ. ಹೊಣೆ ತಯಾರಕರದು, ಅಪಾಯವಿದೆಯೆಂದು ತೋರಿಸುವ ಭಾರ ಮಾತ್ರ ಎಫ್.ಡಿ.ಎ. ಮೇಲೆ. ಎಫೆಡ್ರಾ ಎಂಬ ಮೂಲಿಕೆಯ ಪೂರಕಗಳನ್ನು ನಿಷೇಧಿಸಲು 2004 ಬರಬೇಕಾಯಿತು. ತಯಾರಿಕೆಯ ಶುಚಿ, ಗುಣಮಟ್ಟಗಳಿಗೆ 2007ರಲ್ಲಿ ನಿಯಮ ಬಂದರೂ ಪ್ರತಿ ಸೀಸೆಯನ್ನೂ ಸರ್ಕಾರ ಪರೀಕ್ಷಿಸುವುದಿಲ್ಲ.

2008ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಇಂಟರ್‌ನೆಟ್ಟಿನಲ್ಲಿ ಕೊಂಡ 193 ಆಯುರ್ವೇದ ತಯಾರಿಕೆಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಭಾರತದ್ದು, ಅಮೆರಿಕದ್ದು ಎಂಬ ಭೇದ ಹೆಚ್ಚಿರಲಿಲ್ಲ. ಲೋಹದ ಭಸ್ಮ ಸೇರುವ ರಸೌಷಧಿಗಳಲ್ಲಿ ಇದು ಇನ್ನೂ ಹೆಚ್ಚು. ಸೀಸ ಮಕ್ಕಳ ಮಿದುಳಿಗೂ ಬಸುರಿಯರಿಗೂ ಕೇಡು.

ಆಯುರ್ವೇದವನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಶುಂಠಿ ಕಷಾಯ ಕುದಿಯುತ್ತದೆ. ಆದರೆ ಷಿಕಾಗೋದ ಡಿವಾನ್ ರಸ್ತೆಯಲ್ಲಾಗಲಿ, ಡೆಟ್ರಾಯಿಟ್ ಬಳಿಯ ಕ್ಯಾಂಟನ್, ಟ್ರಾಯ್‌ಗಳಲ್ಲಾಗಲಿ ಸೀಸೆ ಕೊಳ್ಳುವಾಗ ಕನ್ನಡಕ ಹಾಕಿಕೊಂಡು ಚೀಟಿ ಓದಿ. “ಮಧುಮೇಹ ವಾಸಿಮಾಡುತ್ತದೆ” ಎಂದು ಪೂರಕದ ಮೇಲೆ ಬರೆಯುವುದು ಕಾನೂನಿಗೆ ವಿರುದ್ಧ. ಹಾಗೆ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. “ಎಫ್.ಡಿ.ಎ. ಈ ಹೇಳಿಕೆಯನ್ನು ಪರಿಶೀಲಿಸಿಲ್ಲ” ಎಂಬ ಸಣ್ಣಕ್ಷರದ ಸಾಲು ಕಂಡರೆ ಅದರ ಅರ್ಥವೂ ಅಷ್ಟೇ: ಪರಿಶೀಲಿಸಿಲ್ಲ. ತೊಂದರೆ ತಿಳಿಸಲು ಅಮೆರಿಕದ ವಿಳಾಸವೋ ಫೋನ್ ನಂಬರೋ ಇರಲೇಬೇಕೆಂದು 2006ರ ಕಾಯಿದೆ ಹೇಳುತ್ತದೆ. ಅದನ್ನೂ ಹುಡುಕಿ.

ಎಲ್ಲಕ್ಕಿಂತ ಮುಖ್ಯವಾಗಿ, ಡಾಕ್ಟರ ಬಳಿ ಹೋಗುವಾಗ ಮನೆಯ ಎಲ್ಲ ಸೀಸೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. “ಇದು ಬರೀ ಮನೆಮದ್ದು” ಎಂದು ಮಾವನವರು ಡಾಕ್ಟರಿಗೆ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.