ಕೂಕಟ್‌ಪಲ್ಲಿಯ ಹೂಳು ತೋಟಕ್ಕೆ ಬೇಡ

ಹೈದರಾಬಾದಿನ ಸುತ್ತಲಿನ ಕೆಂಪು ಮಣ್ಣಿನಲ್ಲಿ ಮರಳಿನ ಅಂಶವೇ ಹೆಚ್ಚು. ಮಳೆ ಬಿದ್ದ ಮೇಲೆ ಬಿಸಿಲು ಕಾದರೆ ಮೇಲ್ಪದರ ಹೆಕ್ಕಳೆಗಟ್ಟುತ್ತದೆ. ಬೆಂಡೆಯ ಮೊಳಕೆ ಅದನ್ನು ಸೀಳಿ ಮೇಲೇಳಲಾರದೆ ಒಳಗೇ ಬಾಗುತ್ತದೆ. ಇದಕ್ಕೆ ಹಿರಿಯರು ಕಂಡುಕೊಂಡ ಮದ್ದು ಕೆರೆಗೋಡು, ಅಂದರೆ ಕೆರೆಯ ಹೂಳು. ಅದರಲ್ಲಿನ ಜೇಡಿ ಮತ್ತು ಸಾವಯವ ಅಂಶ ಮರಳಿನ ಕಣಗಳನ್ನು ಹಿಡಿದು ಕೂಡಿಸುತ್ತವೆ, ತೇವ ನಿಲ್ಲುತ್ತದೆ, ಇಳುವರಿ ಏರುತ್ತದೆ. 2015ರಲ್ಲಿ ತೆಲಂಗಾಣ ಆರಂಭಿಸಿದ ಮಿಷನ್ ಕಾಕತೀಯ ಯೋಜನೆಯಲ್ಲಿ ಕೆರೆಗಳಿಂದ ಎತ್ತಿದ ಹೂಳನ್ನು ರೈತರು ಹೊಲಕ್ಕೆ ಸಾಗಿಸಿದ್ದು ಇದಕ್ಕಾಗಿಯೇ.

ಆದರೆ ಹೈದರಾಬಾದ್ ನಗರದ ಕೂಕಟ್‌ಪಲ್ಲಿಯ ಮಾತೇ ಬೇರೆ. ಕೈಗಾರಿಕೆಗಳ ತ್ಯಾಜ್ಯ ಹೊತ್ತು ಹುಸೇನ್ ಸಾಗರ ಕೆರೆ ಸೇರುವ ಕೂಕಟ್‌ಪಲ್ಲಿ ನಾಲಾದ ಹೂಳು ಕಪ್ಪಗೆ, ಜಿಗುಟಾಗಿ, ಒಳ್ಳೆಯ ಗೋಡಿನಂತೆಯೇ ಕಾಣುತ್ತದೆ. ಆದರೆ ಅದರಲ್ಲಿರುವ ಭಾರಲೋಹಗಳು ಕಣ್ಣಿಗೆ ಬೀಳುವುದಿಲ್ಲ. ಪಾಲಕ್‌ನಂಥ ಸೊಪ್ಪುಗಳು ಅವನ್ನು ಸಲೀಸಾಗಿ ಹೀರಿಕೊಳ್ಳುತ್ತವೆ. ತಾರಸಿ ತೋಟದವರು ಈ ಹೂಳಿನ ಗೊಡವೆಗೆ ಹೋಗದಿರಲಿ. ಅವರಿಗೆ ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಸಾಕು. ನಗರದ ಕೆರೆಗಳ ಹೂಳೆತ್ತುವವರು ಪರೀಕ್ಷಾ ವರದಿಯನ್ನು ಮೊದಲೇ ಪ್ರಕಟಿಸಬೇಕು. ವರದಿಯಿಲ್ಲದ ಒಂದು ಲಾರಿ ಹೂಳೂ ತರಕಾರಿ ಹೊಲಕ್ಕೆ ಹೋಗಕೂಡದು.